ಮರಳುನೆಲದ ಪಕ್ಷಿಪಂಚಾಂಗ

ಅಮೆರಿಕಾ ಸಂಯುಕ್ತ ಸಂಸ್ಥಾನದ ಉತ್ತರಭಾಗದಲ್ಲಿರುವ ವಿಸ್ಕಾನ್ಸಿನ್ ಪ್ರಾಂತದಲ್ಲಿ, ಅದೇ ಹೆಸರಿನ ನದಿಯ ದಂಡೆಯ ಮೇಲೆ, ಬಾರಬೂ ಪಟ್ಟಣಕ್ಕೆ ಸಮೀಪವಾಗಿ, ೧೯೩೫ನೆಯ ಇಸವಿಯಲ್ಲಿ ೮೦ ಎಕರೆಯ ಜಮೀನೊಂದು ಮಾರಾಟವಾಯಿತು. ಅದನ್ನು ಜಮೀನೆಂದು ಕರೆಯುವುದೂ ಉಪಚಾರದ ಮಾತೇ ಆಗಿದ್ದಿತು. ಹಿಮಯುಗದ ಕೊನೆಯಲ್ಲಿ ಕರಗಿದ ನೀರು ತಂದು ಹಾಸಿದ ಮರಳೇ ಅಲ್ಲಿಯ ಮಣ್ಣು. ಬಹುಕಾಲದಿಂದ ಅಲ್ಲಿ ನೆಲೆಸಿದ್ದ ಹೋಚಂಕ್ ಜನರಿಗೆ ೧೮೩೭ರ ಒಪ್ಪಂದದಿಂದ ಆ ಸೀಮೆ ಕೈತಪ್ಪಿದ ಮೇಲೆ, ಹೊರಗಿನಿಂದ ಬಂದ ಒಕ್ಕಲುಗಳು ನೆಲವನ್ನು ಉತ್ತು ಗೋಧಿ ಬಿತ್ತಿದರು; ಗೋಧಿ ಸೋತ ಮೇಲೆ ಮುಸುಕಿನ ಜೋಳ ಬಿತ್ತಿದರು; ಕೆಲವೇ ತಲೆಮಾರುಗಳಲ್ಲಿ ನೆಲದ ಸಾರವೆಲ್ಲ ತೀರಿಹೋಯಿತು. ಪಾನನಿರೋಧದ ಕಾಲದಲ್ಲಿ ಅಲ್ಲಿದ್ದ ಒಕ್ಕಲಿಗನಂತೂ ಕಳ್ಳಭಟ್ಟಿಯ ವ್ಯಾಪಾರದವನು. ಅವನು ಅಳಿದುಳಿದ ಸತ್ತ್ವವನ್ನೂ ಹೀರಿ, ವಾಸದ ಮನೆಯನ್ನು ಸುಟ್ಟು, ಕಂದಾಯದ ಬಾಕಿಯನ್ನು ಹಾಗೆಯೇ ಬಿಟ್ಟು ಎತ್ತಲೋ ಹೊರಟುಹೋದನೆಂದು ತಿಳಿದುಬರುತ್ತದೆ. ನೆಟ್ಟಗೆ ನಿಂತಿದ್ದ ಕಟ್ಟಡವೆಂದರೆ ಹಲಗೆಗಳಿಂದ ಕಟ್ಟಿದ ಒಂದು ಕೋಳಿಮನೆ; ಅದರ ಒಳಗೆಲ್ಲ ಗೊಬ್ಬರದ ರಾಶಿ.

ಇಂಥ ನೆಲವನ್ನು ಹಣ ಕೊಟ್ಟು ಕೊಂಡವನು ಆಲ್ಡೋ ಲಿಯೋಪೋಲ್ಡನು. ಮಿಸಿಸಿಪಿ ನದೀತೀರದ ಬರ್ಲಿಂಗ್‌ಟನ್ ಪಟ್ಟಣದಲ್ಲಿ ೧೮೮೭ರಲ್ಲಿ ಹುಟ್ಟಿ, ಯೇಲ್ ವಿಶ್ವವಿದ್ಯಾನಿಲಯದ ಅರಣ್ಯಶಾಲೆಯಲ್ಲಿ ಓದಿ, ೧೯೦೯ರಲ್ಲಿ ಸರ್ಕಾರದ ಅರಣ್ಯ ಇಲಾಖೆಯನ್ನು ಸೇರಿ, ೧೯೩೩ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಅಧ್ಯಾಪಕನಾದವನು ಅವನು. ಬಾಲ್ಯದಿಂದಲೇ ಹಕ್ಕಿಗಳನ್ನು ನೋಡಿ ಬರೆದಿಡುವ ಅಭ್ಯಾಸವಿದ್ದಿತು. ಅಷ್ಟೇ ಗಾಢವಾದ ಬೇಟೆಯ ವ್ಯಸನವೂ ಇದ್ದಿತು. ತರುಣನಾಗಿದ್ದಾಗ ಅರಿಜೋನದ ಬೆಟ್ಟಗಳಲ್ಲಿ ತೋಳಗಳನ್ನು ಕೊಂದು, ತೋಳ ಕಡಿಮೆಯಾದಷ್ಟೂ ಜಿಂಕೆ ಹೆಚ್ಚುವುದೆಂದು ನಂಬಿದ್ದವನು, ಮುಂದೆ ಜಿಂಕೆಗಳು ಮಿತಿಮೀರಿ ಬೆಟ್ಟದ ಹಸುರನ್ನೆಲ್ಲ ಮೇದು ಕೊನೆಗೆ ತಾವೂ ಹಸಿವಿನಿಂದ ಸಾಯುವುದನ್ನು ಕಂಡು ಆ ನಂಬಿಕೆಯನ್ನು ತೊರೆದನು. ನದೀತೀರದ ಜಮೀನನ್ನು ಕೊಂಡುದೂ ಮೊದಮೊದಲು ಬೇಟೆಯ ಬಿಡಾರಕ್ಕಾಗಿಯೇ. ಪಕ್ಷಿಗಳನ್ನು ಹೊಡೆಯುವವನೇ ಅವುಗಳ ಲೆಕ್ಕವನ್ನೂ ಇಟ್ಟನೆಂಬುದು ಕನ್ನಡ ವಾಚಕರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಅವನ ಬರವಣಿಗೆಯಲ್ಲಿ ಇವೆರಡನ್ನೂ ಬೇರ್ಪಡಿಸಲಾಗದು. ಅವನು ಅದನ್ನು ಮರೆಮಾಚಿದವನೂ ಅಲ್ಲ.

ವಾರದ ಕೊನೆ ಬಂದಿತೆಂದರೆ ಲಿಯೋಪೋಲ್ಡನೂ ಅವನ ಪತ್ನಿ ಎಸ್ಟೆಲ್ಲಾಳೂ ಐವರು ಮಕ್ಕಳೂ ಮ್ಯಾಡಿಸನ್ ನಗರದಿಂದ ಸುಮಾರು ೫೦ ಮೈಲಿ ದೂರದ ಈ ಜಮೀನಿಗೆ ಬರುತ್ತಿದ್ದರು. ಗೊಬ್ಬರವನ್ನು ಹೊರಹಾಕಿ, ಒಲೆಗೂಡು ಕಟ್ಟಿ, ಮಲಗಲು ಮರದ ಮಂಚಗಳನ್ನು ಜೋಡಿಸಿ, ಕೋಳಿಮನೆಯನ್ನೇ ಬಿಡಾರ ಮಾಡಿಕೊಂಡರು. ವಿದ್ಯುದ್ದೀಪವಿಲ್ಲ, ನೀರಿಗೆ ಕೈಪಂಪು. ಹೊರಗಿನ ಶೌಚದ ಗುಡಿಸಲಿಗೆ ಈ ಕುಟುಂಬ ಇಟ್ಟ ಹೆಸರು, ಗ್ರೀಕರ ಮಹಾದೇವಾಲಯದ ಹೆಸರಾದ ‘ಪಾರ್ಥಿನಾನ್’! ಪ್ರತಿ ವಸಂತದಲ್ಲಿಯೂ ಸಾವಿರಾರು ಪೈನ್ ಸಸಿಗಳನ್ನು ನೆಡುವುದು ಅವರ ಮುಖ್ಯ ಕೆಲಸವಾಯಿತು. ೧೯೩೬ರ ಬರಗಾಲದಲ್ಲಿ ನೆಟ್ಟುದರಲ್ಲಿ ಬಹುಭಾಗ ಒಣಗಿಹೋಯಿತು. ಮರುವರ್ಷ ಮತ್ತೆ ನೆಟ್ಟರು. ಹೀಗೆ ೧೯೪೮ರ ವರೆಗೆ ನೆಟ್ಟ ಗಿಡಗಳ ಸಂಖ್ಯೆ ಹತ್ತಾರು ಸಾವಿರವನ್ನು ಮುಟ್ಟಿತು. ಇಂದು ಅಲ್ಲಿ ಕಾಣುವ ಪೈನ್ ಕಾಡು ಆ ಏಳು ಜನರ ಕೈಕೆಲಸ.

ಆದರೆ ಈ ಕುಟುಂಬ ಬೆಳೆಸಿದ ಮತ್ತೊಂದು ವಸ್ತುವಿದೆ. ಅದು ಕಾಡಿನಂತೆ ಕಣ್ಣಿಗೆ ಕಾಣುವುದಲ್ಲ. ಬೆಲೆಯಲ್ಲಿ ಮಾತ್ರ ಕಾಡಿಗಿಂತ ಕಡಮೆಯದಲ್ಲ. ಅದು ಅವರ ದಿನಚರಿಯ ಪುಸ್ತಕ. ಯಾವ ದಿನ ಹೊಳೆಯ ಮೇಲಣ ಮಂಜುಗಡ್ಡೆ ಒಡೆಯಿತು, ಯಾವ ದಿನ ಮೊದಲ ಹೆಬ್ಬಾತು ಇಳಿಯಿತು, ಯಾವ ಹಕ್ಕಿ ಯಾವ ಬೆಳಗ್ಗೆ ಮೊದಲು ಹಾಡಿತು, ಯಾವ ಹೂ ಎಂದು ಅರಳಿತು: ಇವೆಲ್ಲವೂ ತಾರೀಖು ಸಹಿತವಾಗಿ ಅದರಲ್ಲಿ ದಾಖಲಾದವು. ಋತುಗಳೊಡನೆ ಜೀವಿಗಳು ನಡೆದುಕೊಳ್ಳುವ ರೀತಿಯನ್ನು ಹೀಗೆ ಕಾಲಕ್ರಮದಲ್ಲಿ ಗುರುತಿಸುವ ಶಾಸ್ತ್ರಕ್ಕೆ ಪಾಶ್ಚಾತ್ಯರು ‘ಫಿನಾಲಜಿ’ ಎಂದು ಹೆಸರಿಟ್ಟಿದ್ದಾರೆ. ಹೆಸರು ಹೊಸದು, ಕಾರ್ಯ ಹಳೆಯದು. ರೋಹಿಣಿ, ಮೃಗಶಿರೆಗಳೆಂದು ಮಳೆನಕ್ಷತ್ರಗಳನ್ನು ಎಣಿಸಿ ಬಿತ್ತನೆ ನಿಶ್ಚಯಿಸುವ ಕನ್ನಡ ನಾಡಿನ ರೈತನಿಗೆ ಇದರ ತಿರುಳನ್ನು ವಿವರಿಸಬೇಕಾಗಿಲ್ಲ. ಭೇದವಿರುವುದು ಒಂದೇ: ನಾಡಿನ ಪಂಚಾಂಗ ಮುಂದೆ ಬರತಕ್ಕುದನ್ನು ಹೇಳುತ್ತದೆ, ಲಿಯೋಪೋಲ್ಡನ ಪಂಚಾಂಗ ಬಂದುದನ್ನು ಮಾತ್ರ ಬರೆದಿಡುತ್ತದೆ.

ಈ ಮಾರ್ಗದಲ್ಲಿ ಅವನಿಗೆ ಪೂರ್ವಸೂರಿಗಳಿಲ್ಲದಿರಲಿಲ್ಲ. ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯು ಹದಿನೆಂಟನೆಯ ಶತಮಾನದಲ್ಲಿ ತನ್ನ ಊರಿನ ಹಕ್ಕಿಗಳನ್ನು ವರ್ಷವರ್ಷವೂ ಗಮನಿಸಿ, ನೋಟಕ್ಕೆ ಒಂದೇ ಬಗೆಯೆನಿಸುವ ಮೂರು ಎಲೆಹಕ್ಕಿಗಳನ್ನು ಅವುಗಳ ಹಾಡಿನಿಂದಲೇ ಮೂರು ಜಾತಿಗಳೆಂದು ಬಿಡಿಸಿ ತೋರಿಸಿದನು. ಅಮೆರಿಕದಲ್ಲಿಯೇ ಕಾಂಕರ್ಡ್ ಊರಿನ ಥೋರೋ ೧೮೫೨ರಿಂದ ಕೆಲವು ವರ್ಷ ಹೂಗಳು ಅರಳಿದ ದಿನಗಳನ್ನು ಪಟ್ಟಿಮಾಡಿದ್ದನು. ಆದರೆ ವೈಟನಿಗೂ ಥೋರೋವಿಗೂ ದೊರೆತ ನೆಲ ಬಾಳುತ್ತಿದ್ದ ನೆಲ. ಲಿಯೋಪೋಲ್ಡನದು ಸತ್ತ ನೆಲ. ಅದು ಚೇತರಿಸಿಕೊಳ್ಳುವುದೋ ಇಲ್ಲವೋ ಎಂಬ ಪ್ರಶ್ನೆ ಅವನ ಪ್ರತಿಯೊಂದು ಟಿಪ್ಪಣಿಯ ಹಿಂದೆಯೂ ಇದ್ದಿತು.

ಆ ಸೀಮೆಯ ಚಳಿಗಾಲ ಬಹು ಕಠಿನವಾದುದು. ಡಿಸೆಂಬರ್ ವೇಳೆಗೆ ಹಾಡುವ ಹಕ್ಕಿಗಳಲ್ಲಿ ಹೆಚ್ಚಿನವು ದಕ್ಷಿಣಕ್ಕೆ ಹೋಗಿರುತ್ತವೆ. ಉಳಿಯುವವುಗಳಲ್ಲಿ ಚಿಕಡೀ ಎಂಬುದೊಂದು, ಗುಬ್ಬಚ್ಚಿಗಿಂತಲೂ ಚಿಕ್ಕದು. ಕೊಡಲಿಯ ಸದ್ದು ಕೇಳಿದರೆ ಸಾಕು, ಈ ಹಕ್ಕಿಗಳ ಗುಂಪು ಅಲ್ಲಿ ನೆರೆಯುತ್ತಿತ್ತು. ಉರುಳಿದ ಮರದ ಸೀಳಿನಲ್ಲಿ ಸಿಕ್ಕುವ ಹುಳುಗಳೂ ಮೊಟ್ಟೆಗಳೂ ಅವಕ್ಕೆ ಹಬ್ಬದೂಟ. ಲಿಯೋಪೋಲ್ಡನ ಕುಟುಂಬದವರು ಚಳಿಗಾಲದಲ್ಲಿ ಇವುಗಳನ್ನು ಬಲೆಗೂಡಿನಲ್ಲಿ ಹಿಡಿದು, ಕಾಲಿಗೆ ಅಂಕಿಯುಳ್ಳ ಲೋಹದ ಬಳೆ ತೊಡಿಸಿ ಬಿಡುತ್ತಿದ್ದರು. ಮರುವರ್ಷ ಬಳೆಯುಳ್ಳದ್ದು ಮತ್ತೆ ಸಿಕ್ಕಿದರೆ ಅದು ಬದುಕಿದೆಯೆಂದು ಲೆಕ್ಕ. ಹತ್ತು ವರ್ಷಗಳಲ್ಲಿ ನೂರರ ಸಮೀಪದಷ್ಟು ಹಕ್ಕಿಗಳಿಗೆ ಬಳೆ ಬಿದ್ದಿತು. ಅವುಗಳಲ್ಲಿ ಹೆಚ್ಚಿನವು ಒಂದು ಚಳಿಗಾಲದ ಮೇಲೆ ಮತ್ತೆ ಕಾಣಿಸಲಿಲ್ಲ. ೧೯೩೭ರಲ್ಲಿ ಬಳೆ ತೊಟ್ಟ ಒಂದು ಹಕ್ಕಿ ಮಾತ್ರ ಐದು ಚಳಿಗಾಲಗಳನ್ನು ಕಳೆಯಿತು. ಅದರ ಬಳೆಯ ಸಂಖ್ಯೆ ೬೫೨೯೦. ಹತ್ತು ಹನ್ನೆರಡು ಗ್ರಾಮಿನ ಜೀವವೊಂದು ಅಷ್ಟು ಹಿಮದ ರಾತ್ರಿಗಳನ್ನು ಹೇಗೆ ದಾಟಿತೆಂಬುದೇ ಅವನ ಗ್ರಂಥದ ಡಿಸೆಂಬರ್ ಅಧ್ಯಾಯದಲ್ಲಿ ಒಂದು ಲೇಖನವಾಗಿ ನಿಂತಿದೆ. ದೊಡ್ಡವರ ಜೀವನಚರಿತ್ರೆಗಳು ಬೇಕಾದಷ್ಟಿವೆ. ಒಂದು ಅಂಕಿಯೇ ಹೆಸರಾದ ಹಕ್ಕಿಯ ಚರಿತ್ರೆ ಅಪರೂಪ.

ಮಾರ್ಚ್ ತಿಂಗಳಲ್ಲಿ ಹೊಳೆ ಬಾಯಿ ಬಿಡುತ್ತಲೇ ಕೆನಡಾದ ಹೆಬ್ಬಾತುಗಳು ಬರುತ್ತವೆ. ಇವುಗಳ ಹಿಂಡನ್ನು ಲಿಯೋಪೋಲ್ಡನೂ ಅವನ ಜೊತೆಗಾರರೂ ಆರು ವರ್ಷ ಎಣಿಸಿದರು. ಈ ಎಣಿಕೆಯ ಹಿಂದೆ ಒಂದು ಚಿಕ್ಕ ವಿವಾದವಿದ್ದಿತು. ವಸಂತದಲ್ಲಿ ಕೆಲವು ಬಾತುಗಳು ಒಂಟಿಯಾಗಿ, ಬಹಳ ಕೂಗುತ್ತ, ಅತ್ತಿತ್ತ ಹಾರಾಡುವುದು ಕಾಣುತ್ತದೆ. ಆ ಕೂಗಿನಲ್ಲಿ ಶೋಕವಿದೆಯೆಂದು ನೋಡುವವರ ಮನಸ್ಸಿಗೆ ತೋರುವುದು ಸಹಜ. ಹಾಗೆ ತೋರುವುದನ್ನು ವಿಜ್ಞಾನಿಯಾದವನು ನಂಬಬಾರದೆಂಬುದೂ ಸಹಜ. ಎಣಿಕೆ ಮುಗಿದಾಗ ಹಿಂಡುಗಳಲ್ಲಿ ಆರು, ಹನ್ನೆರಡು, ಹದಿನೆಂಟು, ಹೀಗೆ ಆರರ ಮಗ್ಗಿಯ ಸಂಖ್ಯೆಗಳು ಆಕಸ್ಮಿಕವೆನ್ನಲಾಗದಷ್ಟು ಹೆಚ್ಚಾಗಿ ಕಂಡುಬಂದವು. ಎಂದರೆ ಹಿಂಡೆಂಬುದು ಕುಟುಂಬ, ಅಥವಾ ಕುಟುಂಬಗಳ ಕೂಟ. ಹಾಗಿದ್ದ ಮೇಲೆ ಒಂಟಿ ಬಾತು ಯಾವುದು? ಚಳಿಗಾಲದ ಬೇಟೆಗಾರರ ಗುಂಡಿಗೆ ತನ್ನವರನ್ನು ಕಳೆದುಕೊಂಡು ಉಳಿದದ್ದೇ ಇರಬೇಕು. ಹೃದಯ ಮೊದಲು ಊಹಿಸಿದುದನ್ನು ಗಣಿತವು ತಡವಾಗಿ ಒಪ್ಪಿಕೊಂಡ ಪ್ರಸಂಗವಿದು. ಎಣಿಸಿದವನು ತಾನೂ ಬಂದೂಕು ಹಿಡಿದವನೆಂಬುದನ್ನು ನೆನೆದರೆ ಇದರ ಭಾರ ಇನ್ನೂ ಹೆಚ್ಚುತ್ತದೆ.

ಏಪ್ರಿಲ್ ತಿಂಗಳ ನಾಯಕ ವುಡ್‌ಕಾಕ್. ಗೊರವ, ಉಲ್ಲಂಕಿಗಳ ಬಳಗಕ್ಕೆ ಸೇರಿದ, ಉದ್ದ ಕೊಕ್ಕಿನ, ಒಣಗಿದ ಎಲೆಯ ಬಣ್ಣದ ಹಕ್ಕಿ ಅದು. ಹಗಲೆಲ್ಲ ಪೊದೆಯೊಳಗೆ ಅಡಗಿದ್ದು, ಸಂಜೆಯಾಗುತ್ತಲೇ ಗಂಡುಹಕ್ಕಿ ಪಾಚಿ ಬೆಳೆದ ಬಯಲಿಗೆ ಬಂದು ನಿಲ್ಲುತ್ತದೆ. ಮೂಗಿನಿಂದ ಹೊರಟಂತಿರುವ ಒರಟು ದನಿಯಲ್ಲಿ ಕೆಲವು ಸಲ ಕೂಗುತ್ತದೆ. ಥಟ್ಟನೆ ಮೇಲಕ್ಕೆ ಹಾರುತ್ತದೆ. ಸುತ್ತುಸುತ್ತಾಗಿ ಏರುತ್ತ ಏರುತ್ತ ಸುತ್ತು ಕಿರಿದಾಗುತ್ತದೆ, ರೆಕ್ಕೆಯ ತುದಿಯ ಕಿರಿಗರಿಗಳಿಂದ ಸಿಳ್ಳೆಯಂಥ ನಾದ ಹೆಚ್ಚುತ್ತದೆ. ಕಣ್ಣಿಗೆ ಚುಕ್ಕೆಯಾಗುವಷ್ಟು ಎತ್ತರದಿಂದ ಇಂಪಾಗಿ ಉಲಿಯುತ್ತ, ಗಾಳಿಗೆ ಸಿಕ್ಕಿದ ಎಲೆಯಂತೆ ಓಲಾಡಿಕೊಂಡು ಕೆಳಗಿಳಿದು, ಹೊರಟ ಜಾಗಕ್ಕೇ ಬಂದು ನಿಂತು, ಮತ್ತೆ ಅದೇ ಒರಟು ದನಿಯನ್ನು ಆರಂಭಿಸುತ್ತದೆ. ಕತ್ತಲೆ ಪೂರ್ತಿಯಾಗಿ ಕವಿಯುವವರೆಗೂ ಈ ಆಟ ನಡೆಯುತ್ತದೆ.

ಈ ನೃತ್ಯವನ್ನು ಅಲ್ಲಿಯ ರೈತರು ತಮ್ಮ ಹೊಲದಲ್ಲಿಯೇ ಇಟ್ಟುಕೊಂಡು ಒಮ್ಮೆಯಾದರೂ ನೋಡದೆ, ಮನರಂಜನೆಗೆ ಪಟ್ಟಣಕ್ಕೆ ಹೋಗುತ್ತಿದ್ದರೆಂದು ಲಿಯೋಪೋಲ್ಡನು ಆಕ್ಷೇಪಿಸಿದ್ದಾನೆ. ಅವನು ನೋಡಿ ಸುಮ್ಮನಾಗಲಿಲ್ಲ. ಗಡಿಯಾರ ಹಿಡಿದು ನೋಡಿದನು. ಏಪ್ರಿಲಿನಿಂದ ಜೂನ್ ಮೊದಲ ದಿನದವರೆಗೆ ಹಕ್ಕಿಯ ಆಟ ದಿನಕ್ಕೆ ಒಂದು ನಿಮಿಷದಂತೆ ತಡವಾಗುತ್ತ ಹೋಯಿತು. ಸೂರ್ಯಾಸ್ತವೂ ಆ ಕಾಲದಲ್ಲಿ ಹಾಗೆಯೇ ತಡವಾಗುತ್ತದೆ. ಆದುದರಿಂದ ಹಕ್ಕಿ ನೋಡುವುದು ಹೊತ್ತನ್ನಲ್ಲ, ಬೆಳಕನ್ನು. ಬೆಳಕು ೦.೦೫ ಫುಟ್‌ಕ್ಯಾಂಡಲ್‌ಗೆ ಇಳಿದಾಗ ಆಟಕ್ಕೆ ತೆರೆ ಏಳುತ್ತದೆಂದು ಅವನು ಕಂಡನು. ಒಂದು ಮೇಣದ ಬತ್ತಿ ಒಂದು ಅಡಿ ದೂರದಲ್ಲಿ ಬೀರುವ ಬೆಳಕಿನ ಇಪ್ಪತ್ತನೆಯ ಒಂದು ಭಾಗವದು. ಇಷ್ಟು ತಿಳಿದ ಮೇಲೆ ಅಕ್ಟೋಬರಿನ ಬೇಟೆಯಲ್ಲಿ ಒಂದೆರಡು ವುಡ್‌ಕಾಕ್‌ಗಳಿಗೇ ಅವನು ತೃಪ್ತನಾಗತೊಡಗಿದನು. ವಸಂತದಲ್ಲಿ ಕುಣಿಯುವವರು ಉಳಿಯಬೇಕೆಂಬುದು ಅವನ ಲೆಕ್ಕ. ಉಪದೇಶದಿಂದ ಆಗದುದು ಒಂದು ಗಡಿಯಾರದಿಂದ ಆಯಿತೆನ್ನಬೇಕು.

ಮೇ ತಿಂಗಳಲ್ಲಿ ಅರ್ಜೆಂಟೀನಾದ ಹುಲ್ಲುಗಾವಲುಗಳಿಂದ ‘ಅಪ್‌ಲ್ಯಾಂಡ್ ಪ್ಲೋವರ್’ ಎಂಬ ಹಕ್ಕಿ ಬಂದು ಇಳಿಯುತ್ತಿದ್ದಿತು. ಕಂಬದ ಮೇಲೆ ಇಳಿದೊಡನೆ ರೆಕ್ಕೆಗಳನ್ನು ಮೇಲೆತ್ತಿ ಅಂದವಾಗಿ ಮಡಿಸಿಕೊಳ್ಳುವುದು ಅದರ ಗುರುತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಟ್ಟಣದ ಭೋಜನಪ್ರಿಯರ ತಟ್ಟೆಗೆಂದು ಇದನ್ನು ಹೊಡೆದು ಹೊಡೆದು ಮುಗಿಸುವುದರಲ್ಲಿದ್ದರು. ಬ್ರಿಟನ್ನಿನೊಡನೆ ಕೆನಡಾದ ಪರವಾಗಿ ೧೯೧೬ರಲ್ಲಿ ಆದ ವಲಸೆಹಕ್ಕಿಗಳ ಒಪ್ಪಂದವೂ, ಅದನ್ನು ಜಾರಿಗೆ ತಂದ ೧೯೧೮ರ ಶಾಸನವೂ ತಕ್ಕ ಸಮಯಕ್ಕೆ ಒದಗಿ ಅದನ್ನು ಉಳಿಸಿದವು. ಸರ್ಕಾರದ ಶಾಸನಗಳಿಂದ ಏನೂ ಆಗದೆನ್ನುವವರು ಈ ಹಕ್ಕಿಯನ್ನು ನೆನೆಯಬಹುದು.

ಜುಲೈ ತಿಂಗಳ ಮುಂಜಾನೆ ಮೂರೂವರೆ ಗಂಟೆಗೆ ಲಿಯೋಪೋಲ್ಡನು ಕಾಫಿಯ ಪಾತ್ರೆಯನ್ನೂ ಟಿಪ್ಪಣಿಯ ಪುಸ್ತಕವನ್ನೂ ಹಿಡಿದು ಬಿಡಾರದ ಬಾಗಿಲ ಮುಂದಣ ಬೆಂಚಿನ ಮೇಲೆ ಕುಳಿತುಬಿಡುತ್ತಿದ್ದನು. ಎದುರಿಗೆ ಮುಂಬೆಳಗಿನ ಬೆಳ್ಳಿ. ಮೊದಲು ಹೊಲದ ಗುಬ್ಬಿಯೊಂದು ಹಾಡುತ್ತದೆ. ತನ್ನ ಸರಹದ್ದು ಇಲ್ಲಿಂದ ಇಲ್ಲಿಗೆ ಎಂದು ಸಾರುವುದೇ ಆ ಹಾಡಿನ ಅರ್ಥ. ಬಳಿಕ ರಾಬಿನ್, ಆಮೇಲೆ ಒಂದೊಂದಾಗಿ ಇತರ ಹಕ್ಕಿಗಳು. ಕಾಗದದ ಮೇಲಿನ ಹಕ್ಕುಪತ್ರದಲ್ಲಿ ಜಮೀನು ಯಾರದಾದರೂ ಆಗಿರಲಿ, ಆ ಹೊತ್ತಿನಲ್ಲಿ ಅದು ಹಾಡುವವರದು. ಯಾವುದು ಎಷ್ಟು ಹೊತ್ತಿಗೆ ಆರಂಭಿಸಿತೆಂದು ನಿಮಿಷದ ಲೆಕ್ಕದಲ್ಲಿ ಬರೆದುದೇ ಅಲ್ಲದೆ, ಬೆಳಕಳೆಯುವ ಯಂತ್ರವೊಂದನ್ನು ತಂದು ಪ್ರತಿಯೊಂದು ಹಕ್ಕಿಯ ಮೊದಲ ಸ್ವರದ ಹೊತ್ತಿನಲ್ಲಿ ಎಷ್ಟು ಬೆಳಕಿದ್ದಿತೆಂಬುದನ್ನೂ ಗುರುತಿಸತೊಡಗಿದನು. ಈ ಲೆಕ್ಕಗಳನ್ನು ಅವನು ಬದುಕಿರುವಾಗ ಪ್ರಕಟಿಸಲಾಗಲಿಲ್ಲ. ಆಲ್ಫ್ರೆಡ್ ಐನನ್ ಎಂಬ ಸಹಲೇಖಕನೊಡನೆ ಅವನ ಹೆಸರಿನಲ್ಲಿ ‘ಕಾಂಡರ್’ ಎಂಬ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ ಅವು ಬೆಳಕು ಕಂಡುದು ೧೯೬೧ರಲ್ಲಿ, ಅವನು ತೀರಿಕೊಂಡ ಹದಿಮೂರು ವರ್ಷಗಳ ಮೇಲೆ.

ಅಕ್ಟೋಬರಿನ ಗ್ರೌಸ್ ಬೇಟೆಯ ವಿಚಾರವನ್ನು ಇಲ್ಲಿ ಬೆಳೆಸುವುದು ಬೇಡ. ನವೆಂಬರಿನಲ್ಲಿ ಹೆಬ್ಬಾತುಗಳು ದಕ್ಷಿಣಕ್ಕೆ ತಿರುಗುತ್ತವೆ. ಪಂಚಾಂಗದ ಚಕ್ರ ಪೂರ್ತಿಯಾಗುತ್ತದೆ.

ಬಂದ ಹಕ್ಕಿಗಳ ಜೊತೆಗೆ ಬಾರದೆ ಹೋದ ಹಕ್ಕಿಗಳನ್ನೂ ಈ ಪಂಚಾಂಗ ಮರೆಯುವುದಿಲ್ಲ. ಜಮೀನಿನಲ್ಲಿ ಸಿಡಿಲು ಬಡಿದು ಸತ್ತ ಓಕ್ ಮರವೊಂದಿದ್ದಿತು. ಸೌದೆಗಾಗಿ ಅದನ್ನು ಗರಗಸದಿಂದ ಕೊಯ್ದಾಗ ಸುಮಾರು ಎಂಬತ್ತು ವರ್ಷದ ಬಳೆಗಳು ಎಣಿಕೆಗೆ ಸಿಕ್ಕಿದವು. ಗರಗಸ ಒಂದೊಂದು ಬಳೆಯನ್ನು ದಾಟಿದಂತೆ ಆ ಆ ವರ್ಷ ವಿಸ್ಕಾನ್ಸಿನ್ನಿನಲ್ಲಿ ನಡೆದುದನ್ನು ಲಿಯೋಪೋಲ್ಡನು ಹಿಮ್ಮುಖವಾಗಿ ಹೇಳುತ್ತ ಹೋಗುತ್ತಾನೆ. ಚರಿತ್ರೆ ಬರೆಯುವ ಕ್ರಮಗಳಲ್ಲಿ ಇದು ಒಂದು ವಿಶಿಷ್ಟ ಕ್ರಮ. ೧೮೯೯ರ ಬಳೆಯಲ್ಲಿ, ಬ್ಯಾಬ್‌ಕಾಕ್ ಎಂಬ ಊರಿನ ಬಳಿ, ಆ ಪ್ರಾಂತದ ಕೊನೆಯ ಸಂಚಾರಿ ಪಾರಿವಾಳ ಗುಂಡಿಗೆ ಬಿದ್ದ ವಾರ್ತೆಯಿದೆ. ೧೮೭೧ರ ಬಳೆಯಲ್ಲಿ ಅದೇ ಪಾರಿವಾಳಗಳ ಮಹಾಸಂತಾನದ ವಾರ್ತೆ: ಆ ವರ್ಷ ಈ ಮರದಿಂದ ವಾಯವ್ಯಕ್ಕೆ ಹರಡಿದ ಐವತ್ತು ಮೈಲಿಯ ಸೀಮೆಯಲ್ಲಿ ೧೩ ಕೋಟಿ ೬೦ ಲಕ್ಷ ಪಾರಿವಾಳಗಳು ಗೂಡು ಕಟ್ಟಿದುವೆಂದು ಅಂದಾಜು. ಓಕ್ ಆಗ ಎಳೆಯ ಮರ. ಅದರ ಕೊಂಬೆಯಲ್ಲಿಯೂ ಕೆಲವು ಗೂಡುಗಳಿದ್ದಿರಬಹುದು. ತಂತಿಯಲ್ಲಿ ಸುದ್ದಿ ಹಬ್ಬಿತು, ರೈಲಿನಲ್ಲಿ ಬೇಟೆಗಾರರು ಬಂದರು, ಅದೇ ರೈಲಿನಲ್ಲಿ ಪೀಪಾಯಿಗಳಲ್ಲಿ ತುಂಬಿದ ಹಕ್ಕಿಗಳು ಪಟ್ಟಣಗಳಿಗೆ ಹೋದವು. ಕೋಟಿಗಟ್ಟಲೆ ಇದ್ದ ಈ ಕುಲದ ಕೊನೆಯ ಹಕ್ಕಿ ೧೯೧೪ರ ಸೆಪ್ಟೆಂಬರ್ ೧ರಂದು ಸಿನ್ಸಿನಾಟಿ ನಗರದ ಮೃಗಾಲಯದಲ್ಲಿ ಸತ್ತಿತು. ೧೯೪೭ರಲ್ಲಿ ವಿಸ್ಕಾನ್ಸಿನ್ನಿನ ಪಕ್ಷಿಶಾಸ್ತ್ರ ಸಂಘದವರು ವೈಯಲೂಸಿಂಗ್ ಎಂಬಲ್ಲಿ ಇದಕ್ಕೊಂದು ಸ್ಮಾರಕಶಿಲೆ ನಿಲ್ಲಿಸಿದರು. ಆ ಸಂದರ್ಭಕ್ಕೆ ಲಿಯೋಪೋಲ್ಡನು ಬರೆದ ಲೇಖನ ಪ್ರಸಿದ್ಧವಾಗಿದೆ. ವೀರಗಲ್ಲು, ಮಾಸ್ತಿಕಲ್ಲುಗಳನ್ನು ಬಲ್ಲ ಕನ್ನಡಿಗರಿಗೂ, ಅಳಿದುಹೋದ ಒಂದು ಪಕ್ಷಿಕುಲಕ್ಕೆ ನೆಟ್ಟ ಕಲ್ಲು ಹೊಸದೇ.

ಅಂದು ಇದೇ ಹಾದಿ ಹಿಡಿದಿದ್ದ ಮತ್ತೊಂದು ಹಕ್ಕಿ ಸ್ಯಾಂಡ್‌ಹಿಲ್ ಸಾರಸ. ಜೌಗುಗಳನ್ನು ಕಾಲುವೆ ತೋಡಿ ಒಣಗಿಸಿದ್ದರಿಂದಲೂ ಬೇಟೆಯಿಂದಲೂ ೧೯೩೦ರ ದಶಕದಲ್ಲಿ ವಿಸ್ಕಾನ್ಸಿನ್ನಿನಲ್ಲೆಲ್ಲ ಸುಮಾರು ೨೫ ಜೋಡಿಗಳು ಮಾತ್ರ ಉಳಿದಿದ್ದವು. ೧೯೩೭ರಲ್ಲಿ ಲಿಯೋಪೋಲ್ಡನು ಆ ಜೌಗುಗಳ ಮೇಲೆ ಬರೆದ ಪ್ರಬಂಧಕ್ಕೆ ಚರಮಗೀತೆಯೆಂದೇ ಹೆಸರಿಟ್ಟನು. ಮುಂದಿನ ಪೀಳಿಗೆಯವರು ಸಾರಸದ ಕೂಗನ್ನು ಕೇಳಲಾರರೆಂಬ ಭಾವ ಅದರಲ್ಲಿ ತುಂಬಿದೆ.

ಹತ್ತು ವರ್ಷಗಳ ಟಿಪ್ಪಣಿಗಳನ್ನು ಸಾರಾ ಎಲಿಜಬೆತ್ ಜೋನ್ಸ್ ಎಂಬ ಸಹಲೇಖಕಿಯೊಡನೆ ಸೇರಿ ಅವನು ೧೯೪೭ರಲ್ಲಿ ಶಾಸ್ತ್ರಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಅದು ಸಾಕ್ ಮತ್ತು ಡೇನ್ ಎಂಬ ಎರಡು ಜಿಲ್ಲೆಗಳ ೧೯೩೫ರಿಂದ ೧೯೪೫ರವರೆಗಿನ ಋತುದಾಖಲೆ; ಜಮೀನಿರುವುದು ಸಾಕ್ ಜಿಲ್ಲೆಯಲ್ಲಿ, ವಿಶ್ವವಿದ್ಯಾನಿಲಯವಿರುವುದು ಡೇನ್ ಜಿಲ್ಲೆಯಲ್ಲಿ. ಸಾಮಾನ್ಯ ಓದುಗರಿಗಾಗಿ ಬರೆದ ಪ್ರಬಂಧಗಳ ಹಸ್ತಪ್ರತಿಯನ್ನು ಹಲವು ಪ್ರಕಾಶಕರು ಹಿಂತಿರುಗಿಸಿದ್ದರು. ೧೯೪೮ರ ಏಪ್ರಿಲ್ ೧೪ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದವರು ಅದನ್ನು ಒಪ್ಪಿರುವುದಾಗಿ ದೂರವಾಣಿಯಲ್ಲಿ ತಿಳಿಸಿದರು. ವಾರದ ಬಳಿಕ, ೨೧ರಂದು, ಗಿಡ ನೆಡಲು ಜಮೀನಿಗೆ ಬಂದಿದ್ದಾಗ ನೆರೆಯವನ ಹೊಲದಲ್ಲಿ ಬೆಂಕಿ ಎದ್ದು ಒಣಹುಲ್ಲಿಗೆ ಹಬ್ಬಿತು. ಅದನ್ನು ಆರಿಸಲು ಹೋದ ಲಿಯೋಪೋಲ್ಡನು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡನು. ಅವನಿಗೆ ಆಗ ೬೧ ವರ್ಷ. ಮಗ ಲೂನಾ ಹಸ್ತಪ್ರತಿಯನ್ನು ಸಿದ್ಧಗೊಳಿಸಿದನು. ೧೯೪೯ರಲ್ಲಿ ‘ಸ್ಯಾಂಡ್ ಕೌಂಟಿ ಆಲ್ಮನಾಕ್’ ಹೊರಬಂದಿತು. ಆಲ್ಮನಾಕ್ ಎಂದರೆ ಪಂಚಾಂಗವೇ. ಸ್ಯಾಂಡ್ ಕೌಂಟಿ ಎಂಬ ಜಿಲ್ಲೆ ಮಾತ್ರ ವಿಸ್ಕಾನ್ಸಿನ್ನಿನ ಭೂಪಟದಲ್ಲಿ ಎಲ್ಲಿಯೂ ಇಲ್ಲ. ಮರಳುಸೀಮೆಗೆ ಇಟ್ಟ ಕಲ್ಪಿತ ಹೆಸರದು. ಪುಸ್ತಕದ ಪ್ರತಿಗಳು ಈವರೆಗೆ ಇಪ್ಪತ್ತು ಲಕ್ಷವನ್ನು ಮೀರಿ ಖರ್ಚಾಗಿವೆ.

ದಿನಚರಿ ಅಲ್ಲಿಗೆ ನಿಂತಿತು. ಸಾಮಾನ್ಯವಾಗಿ ಇಂಥ ಪುಸ್ತಕಗಳ ಗತಿ ಅಷ್ಟೇ, ಬರೆದವನೊಡನೆ ಮುಗಿಯುತ್ತವೆ. ಆದರೆ ೧೯೭೬ರಲ್ಲಿ ಮಗಳಾದ ನೀನಾ ತನ್ನ ಪತಿ ಚಾರ್ಲ್ಸ್ ಬ್ರಾಡ್ಲಿಯೊಡನೆ ಜಮೀನಿಗೆ ಮರಳಿದಳು. ತಾನು ಹುಡುಗಿಯಾಗಿದ್ದಾಗ ನೆಟ್ಟ ಪೈನ್ ಮರಗಳಲ್ಲಿ ದಟ್ಟವಾದುವನ್ನು ಕಡಿದು, ಅವುಗಳಿಂದಲೇ ಮನೆ ಕಟ್ಟಿ, ತಂದೆ ಬಿಟ್ಟ ಲೆಕ್ಕವನ್ನು ಅದೇ ಕ್ರಮದಲ್ಲಿ ಮುಂದುವರಿಸಿದಳು. ೧೯೯೯ರಲ್ಲಿ ಆಕೆ, ಸೋದರ ಕಾರ್ಲ್ ಮತ್ತು ಇನ್ನಿಬ್ಬರು ಎರಡು ಕಾಲದ ಟಿಪ್ಪಣಿಗಳನ್ನು ಜೋಡಿಸಿ ನೋಡಿದರು. ೬೧ ವರ್ಷಗಳ ಅವಧಿ; ಹೂವು ಹಕ್ಕಿಗಳಿಗೆ ಸಂಬಂಧಿಸಿದ ೫೫ ವಸಂತಘಟನೆಗಳು. ಸರಾಸರಿಯಲ್ಲಿ ಅವು ವರ್ಷಕ್ಕೆ ೦.೧೨ ದಿನದಂತೆ ಮುಂಚಿತವಾಗಿವೆಯೆಂದು ತಿಳಿದುಬಂದಿತು. ಕೇಳುವುದಕ್ಕೆ ಅಲ್ಪ, ೬೧ ವರ್ಷಕ್ಕೆ ಗುಣಿಸಿದರೆ ಒಂದು ವಾರವಾಗುತ್ತದೆ. ಹೆಬ್ಬಾತುಗಳ ಆಗಮನ, ಕಾರ್ಡಿನಲ್ ಎಂಬ ಕೆಂಪುಹಕ್ಕಿಯ ಮೊದಲ ಹಾಡು ಮುಂದಕ್ಕೆ ಬಂದವುಗಳಲ್ಲಿ ಸೇರಿವೆ. ಭೂಮಿಯ ಹವೆ ಬಿಸಿಯಾಗುತ್ತಿರುವುದಕ್ಕೆ ಇದು ಒಂದೇ ಸ್ಥಳದಿಂದ ದೊರೆತ ಸಾಕ್ಷ್ಯ.

ಇಲ್ಲಿ ಒಂದು ಶಂಕೆ ಏಳಬಹುದು. ತಂದೆ ವಾರದ ಕೊನೆಗೆ ಬಂದು ನೋಡಿದವನು. ಮಗಳು ಅಲ್ಲಿಯೇ ವಾಸವಾಗಿದ್ದು ದಿನವೂ ನೋಡಿದವಳು. ಬುಧವಾರ ಬಂದ ಹಕ್ಕಿ ತಂದೆಯ ಪುಸ್ತಕದಲ್ಲಿ ಶನಿವಾರಕ್ಕೆ ಬಿದ್ದಿದ್ದರೆ, ಮಗಳ ಪುಸ್ತಕದಲ್ಲಿ ಅದು ಮೂರು ದಿನ ಮುಂಚಿತವಾಗಿ ಕಾಣುವುದಷ್ಟೆ? ಶಂಕೆ ಯುಕ್ತವೇ. ಆದರೆ ನೋಡುವವರ ಭೇದದಿಂದ ಬಂದ ಅಂತರವಾಗಿದ್ದರೆ ಎಲ್ಲ ಘಟನೆಗಳೂ ಒಂದೇ ಸಮನಾಗಿ ಮುಂದೆ ಸರಿಯಬೇಕಾಗಿದ್ದಿತು. ಹಾಗೆ ಆಗಿಲ್ಲ. ಕೆಲವು ಬಹಳ ದಿನ ಮುಂದೆ ಬಂದಿವೆ; ಕೆಲವು ಇದ್ದಲ್ಲಿಯೇ ಇವೆ. ಹಗಲಿನ ಉದ್ದವನ್ನು ನೋಡಿ ನಡೆಯುವ ಜೀವಿಗಳಿಗೆ ಬಿಸಿಲು ಏರಿದರೂ ಕಾಲ ಬದಲಾಗದು, ಏಕೆಂದರೆ ಸೂರ್ಯನ ಗತಿ ಬದಲಾಗಿಲ್ಲ. ಬೆಚ್ಚಗಾದುದನ್ನು ನೋಡಿ ನಡೆಯುವುವು ಮುಂದೆ ಓಡುತ್ತವೆ. ಹೀಗೆ ಹಿಂದೆ ಉಳಿದ ಘಟನೆಗಳೇ ಮುಂದೆ ಬಂದವುಗಳ ಪರವಾಗಿ ಸಾಕ್ಷ್ಯ ಹೇಳುತ್ತವೆ. ಆದರೆ ಇದರಿಂದ ಬೇರೊಂದು ಭಯ ಹುಟ್ಟುತ್ತದೆ. ಹುಳು ಬೇಗ ಹುಟ್ಟಿ, ಅದನ್ನು ತಿನ್ನುವ ಹಕ್ಕಿ ಹಳೆಯ ತಾರೀಖಿಗೇ ಬಂದರೆ ಮರಿಗಳಿಗೆ ಆಹಾರವೆಲ್ಲಿ? ಒಂದೇ ಗಡಿಯಾರದಂತೆ ನಡೆಯುತ್ತಿದ್ದ ಸಂಸಾರದಲ್ಲಿ ಈಗ ಎರಡು ಗಡಿಯಾರಗಳಾಗಿವೆ.

೨೦೧೩ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯಲ್ಲಿ ಥೋರೋವಿನ ಕಾಂಕರ್ಡ್ ಪಟ್ಟಿಯೂ ಲಿಯೋಪೋಲ್ಡನ ಪಟ್ಟಿಯೂ ಜೊತೆಯಾದವು. ೨೦೧೦ ಮತ್ತು ೨೦೧೨ರ ವಸಂತಗಳಲ್ಲಿ ಹೂಗಳು ಅರಳಿದಷ್ಟು ಬೇಗನೆ ಆ ಪಟ್ಟಿಗಳ ಕಾಲದಲ್ಲಿ ಎಂದೂ ಅರಳಿರಲಿಲ್ಲವೆಂದು ಅದರಿಂದ ಸಿದ್ಧವಾಯಿತು. ಇಬ್ಬರಲ್ಲಿ ಒಬ್ಬನಾದರೂ ಹವೆಯ ಬದಲಾವಣೆಯನ್ನು ಅಳೆಯಲೆಂದು ಬರೆದವನಲ್ಲ. ಉದ್ದೇಶವಿಲ್ಲದೆ ಹೇಳಿದ ಸಾಕ್ಷ್ಯಕ್ಕೆ ನ್ಯಾಯಸ್ಥಾನದಲ್ಲಿ ಬೆಲೆ ಹೆಚ್ಚು. ಚರಿತ್ರಕಾರನು ರಾಜರ ಪ್ರಶಸ್ತಿಗಿಂತ ದಾನಶಾಸನದ ಗಡಿಕಲ್ಲುಗಳ ವಿವರವನ್ನು ಹೆಚ್ಚು ನಂಬುವುದೂ ಈ ಕಾರಣದಿಂದಲೇ.

ಸಾರಸಗಳ ವಿಚಾರದಲ್ಲಿ ಲಿಯೋಪೋಲ್ಡನ ಚರಮಗೀತೆ ಸುಳ್ಳಾಯಿತು. ಬೇಟೆಯ ನಿಷೇಧದಿಂದಲೂ ಜೌಗುಗಳಿಗೆ ಮರಳಿ ನೀರು ಬಿಟ್ಟುದರಿಂದಲೂ ಅವು ಮೆಲ್ಲಮೆಲ್ಲನೆ ಹೆಚ್ಚಿದವು. ೧೯೭೩ರಲ್ಲಿ ಜಾರ್ಜ್ ಆರ್ಚಿಬಾಲ್ಡ್, ರಾನ್ ಸಾವಿ ಎಂಬ ಇಬ್ಬರು ತರುಣರು ಜಗತ್ತಿನ ಸಾರಸಗಳೆಲ್ಲವುಗಳ ರಕ್ಷಣೆಗಾಗಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದುದೂ ಇದೇ ಬಾರಬೂ ಊರಿನಲ್ಲಿ. ಈಗ ಪ್ರತಿ ಶರತ್ಕಾಲದ ಕೊನೆಗೆ, ದಕ್ಷಿಣಕ್ಕೆ ಹೊರಡುವ ಮುನ್ನ, ಸಾವಿರಾರು ಸಾರಸಗಳು ಆ ಹಳೆಯ ಕೋಳಿಮನೆಯ ಸಮೀಪದ ಮರಳುದಿಣ್ಣೆಗಳ ಮೇಲೆ ರಾತ್ರಿ ತಂಗುತ್ತವೆ. ಅವುಗಳ ಕೂಗು ಮೈಲಿಗಳಾಚೆಗೆ ಕೇಳುತ್ತದೆ.

ಉಳಿದ ದನಿಗಳ ಕಥೆ ಅಷ್ಟು ಸುಖಕರವಲ್ಲ. ೧೯೪೦ರ ಜೂನ್ ತಿಂಗಳ ಮುಂಜಾನೆಯೊಂದರ ಬಗ್ಗೆ ಲಿಯೋಪೋಲ್ಡನು ಬರೆದ ಟಿಪ್ಪಣಿಯನ್ನು ಆಧಾರವಾಗಿಟ್ಟುಕೊಂಡು, ಸ್ಟ್ಯಾನ್ಲಿ ಟೆಂಪಲ್ ಎಂಬ ನಿವೃತ್ತ ಪ್ರಾಧ್ಯಾಪಕನೂ ಕ್ರಿಸ್ಟೊಫರ್ ಬೋಕಾಸ್ಟ್ ಎಂಬ ಧ್ವನಿತಜ್ಞನೂ ೨೦೧೨ರಲ್ಲಿ ಆ ಬೆಳಗಿನ ಪಕ್ಷಿಗಾನವನ್ನು ಮತ್ತೆ ಕಟ್ಟಿದರು. ಯಾವ ಹಕ್ಕಿ ಎಷ್ಟು ಹೊತ್ತಿಗೆ ಆರಂಭಿಸಿತೆಂಬುದು ಪುಸ್ತಕದಲ್ಲಿದ್ದಿತು. ಆ ಆ ಹಕ್ಕಿಯ ಧ್ವನಿಮುದ್ರಿಕೆಯನ್ನು ತಂದು ಅದೇ ಕ್ರಮದಲ್ಲಿ ಹೆಣೆದರು. ಅಂದಿನ ಬೆಳಗನ್ನು ಇಂದು ಕಿವಿಯಿಂದ ಕೇಳಬಹುದು. ಆದರೆ ಅದೇ ಸ್ಥಳದಲ್ಲಿ ಅದೇ ಹೊತ್ತಿಗೆ ನಿಂತರೆ ಅದು ಕೇಳದು. ಬಯಲಾಗಿದ್ದ ಹೊಲ ಕಾಡಾದುದರಿಂದ ಬಯಲಿನ ಹಕ್ಕಿಗಳ ಸ್ಥಾನಕ್ಕೆ ಕಾಡಿನ ಹಕ್ಕಿಗಳು ಬಂದಿವೆ. ಹೀಗಾಗುವುದು ಸಹಜ, ನೆಟ್ಟ ಪೈನ್ ಮರಗಳ ಫಲವೇ ಅದು. ಎಲ್ಲದರ ಅಡಿಯಲ್ಲಿ, ಸಮೀಪದ ಹೆದ್ದಾರಿಯ ವಾಹನಗಳ ಮೊರೆತ ಬಿಡದೆ ಕೇಳುತ್ತದೆ. ೧೯೪೦ರ ಟಿಪ್ಪಣಿಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ.

ನೀನಾ ೨೦೧೧ರಲ್ಲಿ, ತನ್ನ ೯೩ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಐವರು ಮಕ್ಕಳು ೧೯೮೨ರಲ್ಲಿ ತಂದೆಯ ಹೆಸರಿನಲ್ಲಿ ಸ್ಥಾಪಿಸಿದ ಪ್ರತಿಷ್ಠಾನದವರು ಈಗ ಲೆಕ್ಕವನ್ನು ಇಡುತ್ತಿದ್ದಾರೆ. ಹೊಳೆಯ ಮಂಜು ಒಡೆದ ದಿನ, ಮೊದಲ ಹೆಬ್ಬಾತು ಇಳಿದ ದಿನ, ವುಡ್‌ಕಾಕ್ ಮೊದಲು ಕುಣಿದ ಸಂಜೆ: ಅದೇ ಶೀರ್ಷಿಕೆಗಳ ಕೆಳಗೆ ಪ್ರತಿ ವರ್ಷವೂ ಹೊಸ ತಾರೀಖುಗಳು ಸೇರುತ್ತಿವೆ.